ಹಸಿರು ಮಳೆ, ಕೆಂಪು ಮಳೆ: ನನಗೆ ಎರಡೂ ಒಂದೇ

ನಮ್ಮದು ಮಂಡಕ್ಕಿ ಬಟ್ಟಿ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ಭತ್ತವನ್ನು ನೆನೆಸಿ, ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸುತ್ತೇವೆ. ಆಮೇಲೆ ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸುತ್ತೇವೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಲ್ಲಿ ಹುರಿದರೆ ಮಂಡಕ್ಕಿ ಅರಳುತ್ತದೆ. ನೀವು ಸಂಜೆ ಮಿರ್ಚಿ ಕಚ್ಚಿಕೊಂಡು ತಿನ್ನುವ ಮಂಡಕ್ಕಿಗೆ ಬೆಂಕಿ ಎಷ್ಟು ಮುಖ್ಯವೋ ಬಿಸಿಲೂ ಅಷ್ಟೇ ಮುಖ್ಯ.

ಭತ್ತ ಕಣದಲ್ಲಿ ಹರವಿರುವಾಗ "ಇವತ್ತು ಮಳೆ ಬರುತ್ತಾ" ಎಂಬ ಪ್ರಶ್ನೆ ನನಗೆ ಸಾಲುವುದಿಲ್ಲ. ಇನ್ನೊಂದು ತಾಸಿನಲ್ಲಿ ಬರುತ್ತಾ, ಬಂದರೆ ಎಷ್ಟು ಜೋರು ಅನ್ನುವುದು ಬೇಕು. ಸಣ್ಣ ಮಳೆಯಾದರೆ ಹರವಿದ ಭತ್ತದ ಮೇಲೆ ಹಾಗೇ ತಾಡಪಾಲು ಎಳೆದು ಅಂಚಿಗೆ ಕಲ್ಲಿಟ್ಟರೆ ಸಾಕು. ಇಬ್ಬರಿದ್ದರೆ ಆಗುವ ಕೆಲಸ. ಜೋರು ಮಳೆಗೆ ಅದು ನಡೆಯುವುದಿಲ್ಲ. ನೀರು ಕಣದ ಮೇಲೆ ಹರಿದು ತಾಡಪಾಲಿನ ಕೆಳಗೆ ನುಗ್ಗುತ್ತದೆ. ಆಗ ಭತ್ತವನ್ನೆಲ್ಲ ಎಳೆದು ರಾಶಿ ಮಾಡಿ ಮುಚ್ಚಬೇಕು. ಅದಕ್ಕೆ ಆಳು ಬೇಕು, ಹೊತ್ತು ಬೇಕು. ಸರಿ, ಯಾವಾಗಲೂ ರಾಶಿ ಮಾಡಿಬಿಡಿ ಅನ್ನಬೇಡಿ. ಅರ್ಧ ಒಣಗಿದ ಭತ್ತ ರಾಶಿಯೊಳಗೆ ಬಿಸಿಯಾಗಿ ವಾಸನೆ ಹಿಡಿಯುತ್ತದೆ. ಸುಮ್ನೆ ರಾಶಿ ಮಾಡಿದರೂ ನಷ್ಟ ನಮ್ಮದೇ.

ಇದಕ್ಕೆ ಉತ್ತರ ಹೇಳಲೆಂದೇ ರೇಡಾರ್ ನಕ್ಷೆ ಇದೆ. ಫೋನ್ ತೆರೆದರೆ ಮೋಡದ ಮೇಲೆ ಬಣ್ಣ ಬಳಿದಿರುತ್ತಾರೆ. ಹಸಿರು ಇದ್ದರೆ ಸಣ್ಣದು, ಹಳದಿ ಇದ್ದರೆ ಪರವಾಗಿಲ್ಲ, ಕೆಂಪು ಇದ್ದರೆ ಓಡಿ. ಎಲ್ಲರಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನಗೆ ಗೊತ್ತಾಗುವುದಿಲ್ಲ. ನನಗೆ ಹಸಿರು-ಕೆಂಪಿನ ಬಣ್ಣಗುರುಡು.

ಇದು ಗೊತ್ತಾಗಿದ್ದು ಒಂದು ಕೆಲಸದ ಮೆಡಿಕಲ್ ಪರೀಕ್ಷೆಯಲ್ಲಿ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ಕೊಟ್ಟು ಓದು ಅಂದರು. ಜಪಾನಿನ ಇಶಿಹಾರ ಎಂಬ ವೈದ್ಯರು 1917ರಲ್ಲಿ ಹೊರತಂದ ಪರೀಕ್ಷೆ ಅದು, ಇವತ್ತಿಗೂ ಅದೇ ನಡೆಯುತ್ತಿದೆ. ಪಕ್ಕದ ಹುಡುಗ ಪಟಪಟ ಅಂತ ಓದಿದ. ನನಗೆ ಬರೀ ಚುಕ್ಕೆ. ಕೆಲಸ ಹೋಯಿತು, ಬಟ್ಟಿ ಉಳಿಯಿತು. ಅದಕ್ಕೂ ಮುಂಚೆ ಕ್ರಿಕೆಟ್ ಆಡುವಾಗ ಹುಲ್ಲಿನಲ್ಲಿ ಬಿದ್ದ ಚೆಂಡು ನನಗೊಬ್ಬನಿಗೇ ಸಿಗುತ್ತಿರಲಿಲ್ಲ. ಸೋಮಾರಿ ಅಂತ ಬೈಸಿಕೊಂಡಿದ್ದೆ.

ಕಣ್ಣಿನೊಳಗೆ ಬಣ್ಣ ಹಿಡಿಯುವ ಮೂರು ಬಗೆಯ ಕೋಶಗಳಿರುತ್ತವೆ. ಹಸಿರಿನ ಕಡೆಯದು ಅಥವಾ ಕೆಂಪಿನ ಕಡೆಯದು ಸರಿಯಿಲ್ಲದಿದ್ದರೆ ಇವೆರಡೂ ಬಣ್ಣ ಒಂದರೊಳಗೊಂದು ಬೆರೆತುಹೋಗುತ್ತವೆ. ಇದರ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಗಂಡಸರಿಗೆ ಎಕ್ಸ್ ಇರುವುದು ಒಂದೇ, ಅದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ. ಅದಕ್ಕೇ ಗಂಡಸರಲ್ಲಿ ಜಾಸ್ತಿ. ಯುರೋಪ್ ಮೂಲದವರಲ್ಲಿ ಗಂಡಸರು ನೂರಕ್ಕೆ ಸುಮಾರು 8, ಹೆಂಗಸರು ಇನ್ನೂರಕ್ಕೆ ಒಬ್ಬರು ಎಂಬ ಲೆಕ್ಕವಿದೆ. ನಮ್ಮ ಕಡೆ ಅದಕ್ಕಿಂತ ಕಡಿಮೆ. ನನಗೆ ಅದು ಬಂದಿದ್ದು ಅಮ್ಮನ ಕಡೆಯಿಂದ. ಹೊಳಲ್ಕೆರೆ ಕಡೆಯ ಅಜ್ಜನಿಗೆ ಗಿಡದಲ್ಲಿ ಹಣ್ಣು ಮೆಣಸಿನಕಾಯಿ ಯಾವುದು, ಹಸಿ ಯಾವುದು ಅಂತ ಗೊತ್ತಾಗುತ್ತಿರಲಿಲ್ಲವಂತೆ. ಅಜ್ಜಿ ಅದನ್ನು ಹಟ ಅಂದುಕೊಂಡಿದ್ದಳು. ನನ್ನಕ್ಕನಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಅವಳ ಮಗನಿಗೆ ಕಾಣುವುದಿಲ್ಲ. ಈ ಅಳಿಯ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮುಂದಿನ ಕಥೆಯಲ್ಲಿ ಅವನ ಪಾಲೇ ದೊಡ್ಡದು.

ಒಂದು ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಕೇಳುತ್ತಾರೆ. ನನಗೆ ಲೋಕ ಕಪ್ಪು-ಬಿಳುಪಾಗಿ ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಹಳದಿ ಇನ್ನೂ ಚೆನ್ನಾಗಿ ಕಾಣುತ್ತದೆ. ಟ್ರಾಫಿಕ್ ಸಿಗ್ನಲ್ ಕೂಡ ತೊಂದರೆಯಿಲ್ಲ. ಕೆಂಪು ಮೇಲಿರುತ್ತದೆ, ಹಸಿರು ಕೆಳಗಿರುತ್ತದೆ, ಜಾಗ ನೋಡಿಕೊಂಡು ಹೋಗುತ್ತೇನೆ. ರೇಡಾರ್ ನಕ್ಷೆಯಲ್ಲಿ ಆ ಜಾಗದ ಗುರುತು ಇಲ್ಲ. ಬಣ್ಣ ಒಂದೇ ಆಧಾರ.

ಈಗ ರೇಡಾರ್ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನನ್ನ ಸಿಟ್ಟಿನ ಬೇರು ಇಲ್ಲೇ ಇದೆ.

ರೇಡಾರ್‌ಗೆ ಬಣ್ಣ ಅಂದರೇನು ಅಂತಲೇ ಗೊತ್ತಿಲ್ಲ. ಅದು ಮೈಕ್ರೋವೇವ್ ತರಂಗ ಬಿಡುತ್ತದೆ. ಹನಿಗಳಿಗೆ ತಾಗಿ ವಾಪಸ್ ಬಂದಿದ್ದು ಎಷ್ಟು ಅಂತ ಅಳೆಯುತ್ತದೆ. ಹನಿಯ ಅಡ್ಡಳತೆ ಎರಡು ಪಟ್ಟಾದರೆ ವಾಪಸ್ ಬರುವುದು 64 ಪಟ್ಟು. ಹೀಗೆ ಅಂಕಿಗಳು ಸಿಕ್ಕಾಪಟ್ಟೆ ಬೆಳೆಯುವುದರಿಂದ ಅದನ್ನು ಕುಗ್ಗಿಸಿ ಡಿಬಿಝಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರಿಂದ ಮಳೆಯ ಲೆಕ್ಕ ತೆಗೆಯಲು ಕೆನಡಾದ ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಒಂದು ಸೂತ್ರ ಕೊಟ್ಟರು. ಅಂದಾಜಿನ ಸೂತ್ರ, ಆದರೆ ನನ್ನ ಕಣಕ್ಕೆ ಸಾಕು. ಅದರ ಪ್ರಕಾರ 30 ಡಿಬಿಝಡ್ ಅಂದರೆ ತಾಸಿಗೆ 3 ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ಮಳೆ. 40 ಅಂದರೆ ಸುಮಾರು 12. 50 ಅಂದರೆ ಸುಮಾರು 49. 55ಕ್ಕೆ ಹೋದರೆ 100. ಅಂದರೆ 30ಕ್ಕೆ ನಾನು ತಾಡಪಾಲು ಎಳೆದು ಚಹಾ ಕುಡಿಯಬಹುದು. 50ಕ್ಕೆ ಎಲ್ಲರನ್ನೂ ಕೂಗಬೇಕು.

ಇಲ್ಲಿವರೆಗೆ ಎಲ್ಲ ಅಂಕಿ. ಬಣ್ಣ ಬರುವುದು ಆಮೇಲೆ, ಅದನ್ನು ಹಚ್ಚುವುದು ಮನುಷ್ಯರು. ಅಮೆರಿಕದ ಹವಾಮಾನ ಸೇವೆಯ ಹಳೇ ಪಟ್ಟಿ ತೆಗೆದುಕೊಳ್ಳಿ, ಜಗತ್ತಿನ ಎಷ್ಟೋ ಆ್ಯಪ್‌ಗಳು ಅದರ ಮರಿಗಳೇ. 20ಕ್ಕೆ ಹೊಳೆಯುವ ಹಸಿರು. 30ಕ್ಕೆ ಕಡು ಹಸಿರು. 35ಕ್ಕೆ ಫಳಫಳ ಹಳದಿ. 45ಕ್ಕೆ ಕಿತ್ತಳೆ. 50ಕ್ಕೆ ಕೆಂಪು. ಅಲ್ಲಿಂದ ಮೇಲೆ ಕಡು ಕೆಂಪು, ಆಮೇಲೆ ನೇರಳೆಯ ಕಡೆಗೆ.

ಬೆಳಕು ಎಷ್ಟಿದೆ ಅಂತ ಮಾತ್ರ ನೋಡಿ. ಮೊದಲು ಹೊಳಪು, ಆಮೇಲೆ ಮಬ್ಬು, ಆಮೇಲೆ ಇದ್ದಕ್ಕಿದ್ದಂತೆ ಭಾರಿ ಹೊಳಪು, ಮತ್ತೆ ಮಬ್ಬು. ಮಳೆ ಏರುತ್ತಲೇ ಹೋಗುತ್ತದೆ, ಬೆಳಕು ಮಾತ್ರ ಹತ್ತಿ ಇಳಿದು ಹತ್ತಿ ಇಳಿಯುತ್ತದೆ. ಬಣ್ಣ ಕಾಣದವನಿಗೆ ಉಳಿಯುವುದು ಬೆಳಕಿನ ಆಧಾರ ಒಂದೇ. ಅದೂ ಸುಳ್ಳು ಹೇಳಿದರೆ ಏನು ಮಾಡಬೇಕು? ನನಗೆ 30ರ ಕಡು ಹಸಿರು ಒಂದು ಕಂದುಬಣ್ಣದ ಮಬ್ಬು. 50ರ ಮೇಲಿನ ಕೆಂಪೂ ಕಂದುಬಣ್ಣದ ಮಬ್ಬೇ. ನಡುವಿನ ಹಳದಿ ಮಾತ್ರ ಎದ್ದು ಕಾಣುತ್ತದೆ. ಅಂದರೆ ಇಡೀ ಚಿತ್ರದಲ್ಲಿ ನನ್ನ ಕಣ್ಣು ಹೋಗುವುದು ಮಧ್ಯಮ ಮಳೆಯ ಮೇಲೆ. ಜೋರು ಮಳೆ ಅದರ ನಡುವೆ ಸುಮ್ಮನೆ ಕೂತಿರುತ್ತದೆ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದೆ. ಅದರೊಳಗೆ ಹೋಗಿ ಸ್ಕ್ರೀನ್ ಕಪ್ಪು-ಬಿಳುಪು ಮಾಡಿ. ಈಗ ನಿಮ್ಮ ಇಷ್ಟದ ರೇಡಾರ್ ಆ್ಯಪ್ ತೆರೆಯಿರಿ. ಆ ಹಳೇ ಪಟ್ಟಿಯಲ್ಲಾದರೆ 30ರ ಹಸಿರು ಮತ್ತು 50ರ ಕೆಂಪು ಹತ್ತಿರ ಹತ್ತಿರ ಒಂದೇ ಬೂದಿ ಬಣ್ಣ ಆಗುತ್ತವೆ. ಎಲ್ಲಿ ಜೋರು ಮಳೆ ಅಂತ ತೋರಿಸಿ ನೋಡೋಣ! ನನ್ನ ಹೆಂಡತಿಗೆ ಹೀಗೆ ತೋರಿಸಿದಾಗ ಅವಳು ಅಂದಿದ್ದು ಒಂದೇ ಮಾತು, "ಇದನ್ನ ನೋಡ್ಕೊಂಡು ಇಷ್ಟು ವರ್ಷ ಭತ್ತ ಒಣಗಿಸಿದ್ರಾ?"

ಒಂದು ಭರಣಿ ಮಳೆಯ ಸಂಜೆ ಹೇಳಲೇಬೇಕು. ಏಪ್ರಿಲ್ ಕೊನೆ. ಬೆಳಗಿನಿಂದ ಬಿಸಿಲು ಚುರುಗುಟ್ಟುತ್ತಿತ್ತು, ನಾಲ್ಕು ಗಂಟೆಗೆ ಮೋಡ ಕಟ್ಟಿತು. ಆ್ಯಪ್ ತೆರೆದೆ. ಆನಗೋಡಿನ ಕಡೆ ಒಂದು ಮುದ್ದೆ. ಸುತ್ತ ಹಳದಿ ಉಂಗುರ, ನಡುವೆ ಮಬ್ಬು. ನಡುವೆ ಮಳೆ ಕಡಿಮೆಯಿದೆ, ಅಂಚು ಮಾತ್ರ ಜೋರು ಅಂತ ಚಿತ್ರ ಹೇಳುತ್ತಿತ್ತು. ಹಾಗೇ ಮುಚ್ಚಿ ಸಾಕು ಅಂದೆ. ಬಟ್ಟಿಯಲ್ಲಿ ಹುರಿಯುವ ಚಾಚಾ ಮೂಗು ಮೇಲೆತ್ತಿ, "ತಮ್ಮಾ, ಗಾಳಿ ಬೇರೆ ಥರ ಐತೆ, ರಾಶಿ ಮಾಡ್ಸು" ಅಂದರು. ನಾವು ವಾದ ಮಾಡುವಷ್ಟರಲ್ಲಿ ಅದು ಬಂತು. ಆಲಿಕಲ್ಲು ಸಮೇತ. ತಾಡಪಾಲಿನ ಕೆಳಗೆ ಭತ್ತ ತೇಲಿತು. ನಾನು ಕಂಡ ನಡುವಿನ ಮಬ್ಬು ಕಡು ಕೆಂಪು ಬಣ್ಣದ್ದಾಗಿತ್ತು ಅಂತ ಆಮೇಲೆ ಮಗಳು ಹೇಳಿದಳು.

ಆ ಆ್ಯಪ್‌ನವರಿಗೆ ಬರೆದೆ. ಹೆಸರು ಬೇಡ. ಬಣ್ಣ ಬದಲಿಸುವ ಅವಕಾಶ ಕೊಡಿ, ಅಥವಾ ಬೆರಳಿಟ್ಟರೆ ಅಂಕಿ ತೋರಿಸಿ ಅಂತ ಕೇಳಿದೆ. ನಿಮ್ಮ ಸಲಹೆಗೆ ಧನ್ಯವಾದ, ಬೇಗನೆ ಡಾರ್ಕ್ ಮೋಡ್ ತರುತ್ತಿದ್ದೇವೆ ಅಂತ ಉತ್ತರ ಬಂತು. ಕೇಳಿದ್ದು ಮಜ್ಜಿಗೆ, ಕೊಟ್ಟಿದ್ದು ಖಾಲಿ ಲೋಟ.

ಬಣ್ಣದ ತೊಂದರೆ ಒಂದು ಕಡೆಯಾದರೆ ನಮ್ಮೂರಿಗೆ ಇನ್ನೊಂದು ತೊಂದರೆಯಿದೆ, ಅದನ್ನು ಮುಚ್ಚಿಟ್ಟರೆ ಪೂರ್ತಿ ಹೇಳಿದಂತಾಗುವುದಿಲ್ಲ. ನಾವು ನೋಡುವುದು ಪಣಜಿಯಲ್ಲಿರುವ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್. ಅಲ್ಲಿಂದ ದಾವಣಗೆರೆ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್. ಚಿತ್ರದುರ್ಗ 300 ದಾಟುತ್ತದೆ. ರೇಡಾರ್ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ 250 ಕಿಲೋಮೀಟರ್ ದೂರಕ್ಕೆ ಬರುವಾಗ ನೆಲದಿಂದ ಹತ್ತಿರ ಹತ್ತಿರ 6 ಕಿಲೋಮೀಟರ್ ಮೇಲಿರುತ್ತದೆ. ನಡುವೆ ಪಶ್ಚಿಮ ಘಟ್ಟ ಬೇರೆ. ಗುಡುಗು ಮಳೆಯ ಎತ್ತರದ ಮೋಡವಾದರೆ ಅದರ ತಲೆ ಕಾಣುತ್ತದೆ. ಆಷಾಢದ ಜಿಟಿಜಿಟಿ ಮಳೆಯ ಗಿಡ್ಡ ಮೋಡ ಕಿರಣದ ಕೆಳಗೇ ನುಸುಳಿಕೊಂಡು ಹೋಗುತ್ತದೆ. ಹಾಗಾಗಿ ನಮ್ಮ ಕಡೆಗೆ ಕೆಲವು ಆ್ಯಪ್‌ಗಳು ತೋರಿಸುವ ಮಳೆ ಪೂರ್ತಿ ರೇಡಾರ್‌ನದ್ದಲ್ಲ, ಉಪಗ್ರಹದ ಅಂದಾಜು ಅದರಲ್ಲಿ ಬೆರೆತಿರುತ್ತದೆ. ಬಣ್ಣ ಚೆನ್ನಾಗಿ ಕಾಣುವವರೂ ಅದನ್ನು ನೂರಕ್ಕೆ ನೂರು ನಂಬಬೇಡಿ.

ಈ ಉಪಗ್ರಹದ ವಿಷಯದಲ್ಲಿ ಮಾತ್ರ ನಾನು ಎಲ್ಲರ ಸಮ. ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಕಳಿಸುವ ಇನ್ಫ್ರಾರೆಡ್, ಅಂದರೆ ಶಾಖ ಹಿಡಿಯುವ, ಚಿತ್ರದಲ್ಲಿ ಹಳೇ ಕಪ್ಪು-ಬಿಳುಪಿನದೂ ಸಿಗುತ್ತದೆ. ಮೋಡದ ತಲೆ ಎಷ್ಟು ತಣ್ಣಗಿದೆಯೋ ಅಷ್ಟು ಬೆಳ್ಳಗೆ. ಎತ್ತರದ ಮೋಡ ತಣ್ಣಗಿರುತ್ತದೆ, ಗುಡುಗು ಮಳೆಯೂ ಅಲ್ಲೇ ಇರುತ್ತದೆ. ಒಂದೇ ದಿಕ್ಕು, ಒಂದೇ ಅರ್ಥ. ಅದೇ ಚಿತ್ರಕ್ಕೆ ಬಣ್ಣ ಬಳಿದು ಇನ್ನೊಂದನ್ನೂ ಕೊಡುತ್ತಾರೆ, ಅದು ಚೆಂದ ಕಾಣುತ್ತದಂತೆ. ನನಗೆ ಬೇಡ.

ಅಳಿಯ ಈ ಭರಣಿ ಮಳೆ ಪುರಾಣ ಕೇಳಿ ನಕ್ಕ. ಆಮೇಲೆ ಒಂದು ಭಾನುವಾರ ಲ್ಯಾಪ್‌ಟಾಪ್ ತಂದ. ಸೂಪರ್‌ಸೆಲ್ ಡಬ್ಲ್ಯೂಎಕ್ಸ್ ಅಂತ ಒಂದು ತಂತ್ರಾಂಶ ಇದೆ. ಪುಕ್ಕಟೆ, ಓಪನ್ ಸೋರ್ಸ್. ಅಮೆರಿಕದ ನೆಕ್ಸ್‌ರಾಡ್ ರೇಡಾರ್‌ಗಳ ದತ್ತಾಂಶ ತೋರಿಸುತ್ತದೆ. ಅಲ್ಲಿ ಆ ದತ್ತಾಂಶವೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, 2015ರಿಂದ ಅಮೆಜಾನ್ ಕ್ಲೌಡ್‌ನಲ್ಲಿ ಹಾಕಿಟ್ಟಿದ್ದಾರೆ. ದಾವಣಗೆರೆಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೆ ಅದರಲ್ಲಿ ಬಣ್ಣದ ಪಟ್ಟಿಯನ್ನು ನಾವೇ ಬರೆದು ಹಾಕಬಹುದು. ಬರೀ ಒಂದು ಟೆಕ್ಸ್ಟ್ ಫೈಲ್. ಪ್ರತಿ ಸಾಲಿನಲ್ಲಿ ಒಂದು ಡಿಬಿಝಡ್ ಅಂಕಿ, ಪಕ್ಕದಲ್ಲಿ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ಮೂರು ಅಂಕಿ. ಜಿಆರ್‌ಲೆವೆಲ್3 ಎಂಬ ಹಳೇ ಕಾಸಿನ ತಂತ್ರಾಂಶದ ಕಾಲದಿಂದ ಇಂಥ ಫೈಲ್‌ಗಳನ್ನು ಹವ್ಯಾಸಿಗಳು ಬರೆದು ಹಂಚಿಕೊಳ್ಳುತ್ತಿದ್ದಾರೆ.

ಅಮೆರಿಕದ ಓಕ್ಲಹೋಮಾದ ಒಂದು ಗುಡುಗು ಮಳೆ ತೆರೆದ. ಮೊದಲು ಮಾಮೂಲಿ ಬಣ್ಣ. ನನಗೆ ಅದೇ ಹಳದಿ ಉಂಗುರ, ನಡುವೆ ಮಬ್ಬು. ಅವನಿಗೂ ಅಷ್ಟೇ ಅಂತೆ. ಆಮೇಲೆ ತನ್ನ ಫೈಲ್ ಹಾಕಿದ. ಸಣ್ಣ ಮಳೆ ತಿಳಿ ಹಳದಿ, ಮಧ್ಯಮ ಮಳೆ ಬೂದಿ, ಜೋರು ಮಳೆ ಕಡು ನೀಲಿ. ಆ ಮೋಡದ ಹೊಟ್ಟೆ ಕಣ್ಣಿಗೆ ಹೊಡೆದ ಹಾಗೆ ಕಂಡಿತು. ನಡುವೆ ಕಡುನೀಲಿ ಗಂಟು, ಅದರಿಂದ ಹೊರಗೆ ಬರಬರುತ್ತಾ ತಿಳಿ. ಎಲ್ಲಿ ಜೋರು ಅಂತ ನಾನು ಬೆರಳು ತೋರಿಸಿದೆ, ಅಕ್ಕ ಹೌದು ಅಂದಳು. ನಾವು ಮೂವರೂ ಒಂದೇ ಜಾಗ ತೋರಿಸಿದ್ದು ಅದೇ ಮೊದಲು. ನಾನು ಯಾವತ್ತೂ ಕಾಲಿಡದ ಊರಿನ ಮಳೆ ಅದು. ಅರ್ಧ ತಾಸು ಅದನ್ನೇ ನೋಡುತ್ತ ಕೂತೆವು, ಅಕ್ಕ ಮಾಡಿಟ್ಟ ಅವಲಕ್ಕಿ ಆರಿಹೋಯಿತು.

ಈ ತಿಳಿ ಹಳದಿಯಿಂದ ಕಡು ನೀಲಿಯ ಸರಣಿ ಅವನ ತಲೆಯಿಂದ ಬಂದಿದ್ದಲ್ಲ. ಸಿವಿಡಿಸ್ ಅಂತ ಅದಕ್ಕೊಂದು ಹೆಸರಿದೆ. ಬಣ್ಣಗುರುಡು ಇರುವವರಿಗೂ ಇಲ್ಲದವರಿಗೂ ಹತ್ತಿರ ಹತ್ತಿರ ಒಂದೇ ಥರ ಕಾಣಬೇಕು ಅಂತ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದ ಬಣ್ಣದ ಸರಣಿ ಅದು. ಅದಕ್ಕೂ ಮುಂಚೆ ವಿರಿಡಿಸ್ ಎಂಬ ಇಂಥದ್ದೇ ಸರಣಿ ಬಂದಿತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶ 2017ರಲ್ಲಿ ಹಳೇ ಕಾಮನಬಿಲ್ಲು ಬಣ್ಣ ತೆಗೆದು ವಿರಿಡಿಸ್ ಅನ್ನೇ ಮಾಮೂಲಿ ಮಾಡಿಬಿಟ್ಟಿತು. ರೇಡಾರ್‌ನವರೂ ಸುಮ್ಮನೆ ಕೂತಿಲ್ಲ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಬೆಳೆದ ಪೈ-ಆರ್ಟ್ ಎಂಬ ರೇಡಾರ್ ತಂತ್ರಾಂಶದಲ್ಲಿ ನಮ್ಮಂಥವರಿಗೂ ಹೊಂದುವ ಬಣ್ಣದ ಸರಣಿಗಳಿವೆ. ಅಂದರೆ ಗೊತ್ತಿಲ್ಲದ ವಿದ್ಯೆಯೇನಲ್ಲ. ವಿಜ್ಞಾನಿಗಳ ಮೇಜಿನವರೆಗೆ ಬಂದಿದೆ, ನನ್ನ ಫೋನಿನವರೆಗೆ ಬಂದಿಲ್ಲ.

ಅಳಿಯ ಆವತ್ತು ಇನ್ನೊಂದು ತೋರಿಸಿದ. ಡಾಪ್ಲರ್ ರೇಡಾರ್ ಗಾಳಿಯ ವೇಗವನ್ನೂ ಹೇಳುತ್ತದೆ. ರೇಡಾರ್ ಕಡೆಗೆ ಬರುವ ಗಾಳಿಗೆ ಹಸಿರು, ದೂರ ಹೋಗುವ ಗಾಳಿಗೆ ಕೆಂಪು. ಅಲ್ಲಿನವರು ಸುಂಟರಗಾಳಿ ಹುಡುಕುವುದೇ ಹೀಗೆ, ಹಸಿರು ಮತ್ತು ಕೆಂಪು ಪಕ್ಕಪಕ್ಕ ಒತ್ತಿಕೊಂಡಿರುವ ಜಾಗ ನೋಡಿ. ಇರುವ ಬಣ್ಣಗಳಲ್ಲೆಲ್ಲ ಹುಡುಕಿ ಹುಡುಕಿ ನನಗೆ ಕಾಣದ ಎರಡನ್ನೇ ಆರಿಸಿದ್ದಾರೆ! ನೀಲಿ ಮತ್ತು ಕಿತ್ತಳೆ ಮಾಡಿದರೆ ಯಾರಿಗೂ ನಷ್ಟವಿಲ್ಲ. ಅವನು ಮಾಡಿ ತೋರಿಸಿದ, ಸುಳಿ ಎದ್ದು ಕಂಡಿತು.

ಫೋನಿನಲ್ಲೇ ಇರುವ ಬಣ್ಣ ತಿದ್ದುವ ಸೆಟ್ಟಿಂಗ್ ಬಗ್ಗೆ ತುಂಬಾ ಜನ ಹೇಳುತ್ತಾರೆ. ಆಂಡ್ರಾಯ್ಡ್‌ನಲ್ಲೂ ಇದೆ, ಐಫೋನ್‌ನಲ್ಲೂ ಇದೆ. ಹಾಕಿ ನೋಡಿದ್ದೇನೆ. ಕೆಂಪು-ಹಸಿರು ಸ್ವಲ್ಪ ದೂರ ಸರಿಯುತ್ತವೆ, ಸುಳ್ಳಲ್ಲ. ಆದರೆ ಬೆಳಕಿನ ಆ ಹತ್ತಿಳಿಯುವ ಆಟ ಹಾಗೇ ಉಳಿಯುತ್ತದೆ. ಜೊತೆಗೆ ಫೋಟೋ, ವಿಡಿಯೋ ಎಲ್ಲದರ ಬಣ್ಣವೂ ಬದಲಾಗುತ್ತದೆ. ತಪ್ಪು ನಕ್ಷೆಯದ್ದು, ಮದ್ದು ಇಡೀ ಫೋನಿಗೆ. ನನಗೆ ಅದು ಹಿಡಿಸಲಿಲ್ಲ. ಬೇರೆಯವರಿಗೆ ಉಪಯೋಗ ಆಗಬಹುದು, ನೋಡಿ.

ಅದಕ್ಕಿಂತ ಒಳ್ಳೆಯದು ಆ್ಯಪ್‌ನಲ್ಲೇ ಬಣ್ಣ ಬದಲಿಸುವುದು. ವಿಂಡಿ ಎಂಬ ಹವಾಮಾನ ತಾಣವನ್ನು ಕಂಪ್ಯೂಟರ್‌ನಲ್ಲಿ ತೆರೆದರೆ ಪದರಗಳ ಬಣ್ಣದ ಪಟ್ಟಿಯನ್ನು ನಾವೇ ತಿದ್ದಿಕೊಳ್ಳಬಹುದು. ರೇನ್‌ವ್ಯೂವರ್ ಎಂಬ ಮಳೆ ಆ್ಯಪ್‌ನ ನೀಲಿ ಸರಣಿಯಲ್ಲಿ ಸಣ್ಣ ಮಳೆ ತಿಳಿ ನೀಲಿಯಿಂದ ಶುರುವಾಗಿ ಕಡು ನೀಲಿಗೆ ಹೋಗುತ್ತದೆ, ಆಮೇಲೆ ಹಳದಿಗೆ ಹಾರುತ್ತದೆ. ಕೊನೆಯಲ್ಲಿ ಕೆಂಪು ಬಂದರೂ, ನೀಲಿ ದಾಟಿದ್ದು ಅಂತ ಗೊತ್ತಾದರೆ ನನ್ನ ಅರ್ಧ ಕೆಲಸ ಆಯಿತು. ಹಸಿರಿನ ಕಾಟ ಇಲ್ಲವಲ್ಲ, ಅಷ್ಟು ಸಾಕು.

ಇನ್ನು ಎಚ್ಚರಿಕೆಯ ನಕ್ಷೆಗಳು. ಹವಾಮಾನ ಇಲಾಖೆ ಜಿಲ್ಲೆಗಳಿಗೆ ನಾಲ್ಕು ಬಣ್ಣ ಕೊಡುತ್ತದೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ವಾಟ್ಸಾಪ್‌ನಲ್ಲಿ ಸುತ್ತುವ ಸಣ್ಣ ನಕ್ಷೆಯಲ್ಲಿ ಶಿವಮೊಗ್ಗ ಯಾವ ಬಣ್ಣ, ನಾವು ಯಾವ ಬಣ್ಣ ಅಂತ ನನಗೆ ಹೇಳಲಾಗುವುದಿಲ್ಲ. ಅದೇ ಸುದ್ದಿ ಪತ್ರಿಕೆಯಲ್ಲಿ "ಆರೆಂಜ್ ಅಲರ್ಟ್" ಅಂತ ಅಕ್ಷರದಲ್ಲಿ ಬಂದರೆ ಎಲ್ಲ ಸರಿ. ಬಣ್ಣದ ಹೆಸರು ಬರೆದರೆ ಬಣ್ಣ ಕಾಣದವನಿಗೂ ಅರ್ಥವಾಗುತ್ತದೆ ಅನ್ನುವುದು ತಮಾಷೆ, ಆದರೆ ನಿಜ. ನಕ್ಷೆಯ ಮೇಲೆ ಜಿಲ್ಲೆಯ ಹೆಸರಿನ ಕೆಳಗೆ ಒಂದೇ ಒಂದು ಅಕ್ಷರ ಹಾಕಿದರೆ ಮುಗಿಯಿತು. ವೆಬ್‌ಸೈಟ್‌ಗಳಿಗೆ ಇರುವ ಡಬ್ಲ್ಯೂಸಿಎಜಿ ನಿಯಮಾವಳಿ ಹೇಳುವುದೂ ಇದನ್ನೇ, ಯಾವ ಮಾಹಿತಿಯನ್ನೂ ಬರೀ ಬಣ್ಣದಿಂದ ಹೇಳಬಾರದು ಅಂತ.

ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆಯಲ್ಲ, ಬಣ್ಣದ ಗೊಡವೆಯೇ ಇಲ್ಲದ ಸೇವೆ ಅದು. ಫೋನ್ ಮಾಡಿ ಊರು ಹೇಳಿದರೆ ಮಳೆ ಬಗ್ಗೆ ಬಾಯಲ್ಲಿ ಹೇಳುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕ ಇಟ್ಟಿರುವ ಕೇಂದ್ರ ಅದು. ರೈತರಿಗಾಗಿ ಮಾಡಿದ್ದು, ಆದರೆ ನಮ್ಮಂಥ ಕಣ್ಣಿನವರಿಗೂ ಆಯಿತು.

ಬಣ್ಣ ಬದಲಿಸಿ ಅಂದಾಗ ಒಂದು ಮಾತು ಯಾವಾಗಲೂ ಬರುತ್ತದೆ. ಕೆಂಪು ಅಂದರೆ ಅಪಾಯ ಅಂತ ಜನರಿಗೆ ಅಭ್ಯಾಸವಾಗಿದೆ, ಬದಲಿಸಿದರೆ ಗೊಂದಲ ಆಗುತ್ತದೆ ಅಂತ. ಒಪ್ಪುತ್ತೇನೆ. ಯಾರ ಕೆಂಪನ್ನೂ ನಾನು ಕಿತ್ತುಕೊಳ್ಳಬೇಕಿಲ್ಲ. ಇನ್ನೊಂದು ಸರಣಿ ಆರಿಸಿಕೊಳ್ಳುವ ಬಟನ್ ಕೊಡಿ. ಅದೂ ಆಗದಿದ್ದರೆ ಕೆಂಪನ್ನು ಕೆಂಪಾಗಿಯೇ ಬಿಟ್ಟು, 50 ಡಿಬಿಝಡ್ ದಾಟಿದ ಜಾಗದ ಸುತ್ತ ಒಂದು ದಪ್ಪ ಕಪ್ಪು ಗೆರೆ ಎಳೆಯಿರಿ. ನನಗೆ ಬೇಕಾದ್ದು ಅಷ್ಟೇ. ಬೆರಳಿಟ್ಟಲ್ಲಿ ಅಂಕಿ ಬಂದರೆ ಇನ್ನೂ ಒಳ್ಳೆಯದು, "ಜೋರು", "ಸಾಧಾರಣ" ಅಂತ ಕನ್ನಡದಲ್ಲಿ ಬಂದರೆ ಕೈ ಮುಗಿಯುತ್ತೇನೆ. ಮತ್ತೆ, ಈ ಹಳದಿಯ ಮೋಸ ನಮಗೆ ಮಾತ್ರ ಅಂದುಕೊಳ್ಳಬೇಡಿ. 30ರಿಂದ 35ಕ್ಕೆ ಮಳೆ ಬದಲಾಗುವುದು ಸ್ವಲ್ಪವೇ, ಆದರೆ ಕಡು ಹಸಿರಿನಿಂದ ಹಳದಿಗೆ ಹಾರಿದ್ದು ನೋಡಿದವರಿಗೆ ಅಲ್ಲೊಂದು ದೊಡ್ಡ ಗೋಡೆ ಇದ್ದ ಹಾಗೆ ಕಾಣುತ್ತದೆ. ಒಳ್ಳೆ ಕಣ್ಣಿನವರೂ ಅಲ್ಲಿ ಮೋಸ ಹೋಗುತ್ತಾರೆ.

ಆ್ಯಪ್ ಮಾಡುವ ಹುಡುಗರಿಗೆ ಒಂದು ಸುಲಭದ ದಾರಿಯಿದೆ ಅಂತ ಅಳಿಯ ಹೇಳಿದ. ಕ್ರೋಮ್ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ರೆಂಡರಿಂಗ್ ಅನ್ನುವ ಕಡೆ ಹೋದರೆ ಪುಟ ನನ್ನ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಅವರೇ ನೋಡಬಹುದು. ಒಂದು ನಿಮಿಷದ ಕೆಲಸ.

ಈಗ ಅವನು ಪಣಜಿಯ ರೇಡಾರ್ ಚಿತ್ರಕ್ಕೇ ಕೈ ಹಾಕಿದ್ದಾನೆ. ಅಂಕಿಗಳ ಫೈಲ್ ನಮ್ಮ ಕೈಗೆ ಸಿಗುವುದಿಲ್ಲ, ಬಣ್ಣ ಹಚ್ಚಿದ ಚಿತ್ರ ಮಾತ್ರ ಸಿಗುತ್ತದೆ. ಹಾಗಾಗಿ ಉಲ್ಟಾ ದಾರಿ. ಚಿತ್ರದ ಒಂದೊಂದು ಚುಕ್ಕೆಯ ಬಣ್ಣ ಓದಬೇಕು. ಪಕ್ಕದ ಪಟ್ಟಿಯಲ್ಲಿ ಅದು ಯಾವ ಅಂಕಿಗೆ ಸೇರಿದ್ದು ಅಂತ ಹುಡುಕಬೇಕು. ಆ ಅಂಕಿಗೆ ನಮ್ಮ ಬಣ್ಣ ಹಚ್ಚಬೇಕು. ನಮಗಿಬ್ಬರಿಗೂ ಕಾಣದ ವ್ಯತ್ಯಾಸ ಕಂಪ್ಯೂಟರ್‌ಗೆ ಸಲೀಸು, ಅದಕ್ಕೆ ಎಲ್ಲ ಬಣ್ಣವೂ ಮೂರು ಅಂಕಿ ಅಷ್ಟೇ. ತೊಂದರೆ ಇರುವುದು ಜಿಲ್ಲೆಯ ಗಡಿಗೆರೆಗಳಲ್ಲಿ, ಊರಿನ ಹೆಸರುಗಳಲ್ಲಿ. ಅವು ಮಳೆಯ ಮೇಲೆ ಬಿದ್ದ ಕಡೆ ತೂತು ಬೀಳುತ್ತದೆ. ಸುತ್ತಲಿನ ಚುಕ್ಕೆ ನೋಡಿ ತುಂಬಿಸುವ ಹಾಗೆ ಏನೋ ಮಾಡಿದ್ದಾನೆ, ಹರಿಹರದ ಹತ್ತಿರ ಇನ್ನೂ ಸ್ವಲ್ಪ ಗೀಚಿದ ಹಾಗೆ ಬರುತ್ತದೆ.

ರಾತ್ರಿಯದ್ದು ಇನ್ನೂ ಬಗೆಹರಿದಿಲ್ಲ. ಬಿಳಿ ನಕ್ಷೆಯ ಮೇಲೆ ಜೋರು ಮಳೆ ಕಡು ನೀಲಿ ಇದ್ದರೆ ಸರಿ. ಕತ್ತಲ ನಕ್ಷೆಯ ಮೇಲೆ ಕಡು ನೀಲಿ ಹಾಕಿದರೆ ಜೋರು ಮಳೆಯೇ ಮಾಯ. ಅಲ್ಲಿ ಸರಣಿ ತಿರುಗಬೇಕು, ಜೋರು ಮಳೆ ಹೊಳೆಯಬೇಕು. ಹಾಗಾದರೆ ಹಗಲಿಗೆ ಒಂದು ಅಭ್ಯಾಸ, ರಾತ್ರಿಗೆ ಇನ್ನೊಂದಾ ಅಂತ ನಾನು. ಹಾಗಾದ್ರೆ ರಾತ್ರಿನೂ ಬಿಳಿ ನಕ್ಷೆನೇ ನೋಡ್ರಿ ಮಾಮ ಅಂತ ಅವನು. ಚಾಚಾ ಇಬ್ಬರ ಜಗಳ ಕೇಳಿ, "ಬಣ್ಣ ಯಾಕೆ ಬೇಕು, ಬರೀ ನಂಬರ್ ಹೇಳು ತಮ್ಮಾ, ಮೂವತ್ತೋ ಐವತ್ತೋ" ಅಂದರು. ಅವರಿಗೀಗ ಡಿಬಿಝಡ್ ಬಾಯಿಪಾಠ.

ಅಳಿಯನಿಗೆ ಇಂಟರ್ನಲ್ಸ್ ಇವೆ, ಮುಗಿದ ಮೇಲೆ ಕೂರುತ್ತಾನಂತೆ. ಅಷ್ಟರಲ್ಲಿ ನಿಮ್ಮಲ್ಲಿ ಯಾರಾದರೂ ರೇಡಾರ್ ಚಿತ್ರದ ಮೇಲಿನ ಗಡಿಗೆರೆಗಳನ್ನು ಸರಿಯಾಗಿ ತೆಗೆಯುವ ಕೆಲಸ ಮಾಡಿದ್ದರೆ ಹೇಳಿ. ನಿಮ್ಮ ಕಣ್ಣೂ ನನ್ನ ಥರವೇ ಇದ್ದರೆ, ತಿಳಿ ಹಳದಿಯಿಂದ ಕಡು ನೀಲಿಗೆ ಹೋಗುವ ಈ ಸರಣಿ ನಿಮಗೆ ಹೊಂದುತ್ತದಾ ಅಂತಲೂ ಹೇಳಿ.